ಸಣ್ಣ ಕಾರಿನ ಪೆಟ್ರೋಲ್ ಲೆಕ್ಕ: ಅಚ್ಚಾದ ಅಂಕಿ ಮತ್ತು ಘಾಟಿಯ ಅಂಕಿ

ನಮ್ಮ ಭಾಗದ ತೋಟದ ಮನೆಗಳ ಅಂಗಳದಲ್ಲಿ ಈಗ ಜೀಪಿನ ಪಕ್ಕದಲ್ಲಿಯೇ ಒಂದು ಸಣ್ಣ ಕಾರೂ ನಿಂತಿರುವುದು ಸಾಮಾನ್ಯವಾಗಿದೆ. 2005ರಲ್ಲಿ ಮಾರುತಿಯವರ ಸ್ವಿಫ್ಟ್ ನಮ್ಮ ದೇಶದ ರಸ್ತೆಗೆ ಬಂದಿತು. ಅದೇ ಜಾತಿಯ ಚುರುಕು ಕಾರುಗಳು ಆಮೇಲೆ ಹಲವು ಬಂದಿವೆ. ತೂಕ ಹೆಚ್ಚು ಕಡಿಮೆ ಒಂದು ಟನ್, ಎಂಜಿನ್ 1.2 ಲೀಟರ್, ಶಕ್ತಿ 80ರಿಂದ 90 ಎಚ್.ಪಿ. ತಿರುವುಗಳಲ್ಲಿ ಹಿಡಿತ ಚೆನ್ನಾಗಿದೆ, ಒತ್ತಿದರೆ ಚಂಗನೆ ಜಿಗಿಯುತ್ತದೆ. ಆದ್ದರಿಂದ ಮನೆಯ ಹುಡುಗರಿಗೆ ಇಷ್ಟ. ಹಿರಿಯರು ಮಾತ್ರ ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳುತ್ತಾರೆ: "ಲೀಟರಿಗೆ ಎಷ್ಟು ಕೊಡುತ್ತದೆ?"

ಈ ಪ್ರಶ್ನೆಗೆ ದೊರೆಯುವ ಉತ್ತರ ಒಂದು, ರಸ್ತೆಯಲ್ಲಿ ಕಾಣುವ ಉತ್ತರ ಇನ್ನೊಂದು. ಇವೆರಡರ ನಡುವಿನ ಅಂತರವನ್ನು ತಿಳಿಯದೆ ನಾವು ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಅನುಮಾನಿಸಿದೆವು. ಸದಸ್ಯ ಬಾಂಧವರಲ್ಲಿ ಯಾರೂ ಆ ತಪ್ಪು ಮಾಡದಿರಲಿ ಎಂಬುದೇ ಈ ಲೇಖನದ ಉದ್ದೇಶ.

1. ಎರಡೂವರೆ ಲೀಟರಿನ ಅನುಮಾನ

ನಮ್ಮ ತಾಯಿಯವರನ್ನು ವಾರಕ್ಕೊಮ್ಮೆ ಘಟ್ಟದ ಕೆಳಗಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು. ದಾರಿ ಆಗುಂಬೆ ಘಾಟಿಯದು. ಹೋಗಲು 60 ಕಿ.ಮೀ., ಬರಲು 60 ಕಿ.ಮೀ. ಕಾರು ನಡೆಸುವವನು ಹಲವು ವರ್ಷಗಳಿಂದ ನಮ್ಮಲ್ಲಿಯೇ ಇರುವ ಡ್ರೈವರ್. ಪ್ರತಿ ಸಲ ಹೊರಡುವಾಗ ಟ್ಯಾಂಕ್ ತುಂಬಿಸಿ, ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ಚೀಟಿಯನ್ನು ಪುಸ್ತಕದೊಳಗೆ ಇಡುತ್ತಿದ್ದ.

ತಿಂಗಳ ಕೊನೆಯಲ್ಲಿ ನಾವು ಪುಸ್ತಕ ನೋಡಿದೆವು. ಸಲಕ್ಕೆ 8 ಲೀಟರ್ ಹಿಡಿದಿತ್ತು. ಕಾರಿನ ಕಾಗದದಲ್ಲಿ ಅಚ್ಚಾಗಿದ್ದುದು ಲೀಟರಿಗೆ 22 ಕಿ.ಮೀ. ಆ ಪ್ರಕಾರ 120 ಕಿ.ಮೀ.ಗೆ ಐದೂವರೆ ಲೀಟರ್ ಸಾಕು. ಅಂದರೆ ಸಲಕ್ಕೆ ಎರಡೂವರೆ ಲೀಟರ್, ನಾಲ್ಕು ಸಲಕ್ಕೆ 10 ಲೀಟರ್ ಎಲ್ಲಿಗೋ ಹೋಗುತ್ತಿದೆ. ಲೀಟರಿಗೆ ನೂರು ರೂಪಾಯಿಯಂತೆ ಹಿಡಿದರೂ ತಿಂಗಳಿಗೆ ಸಾವಿರ ರೂಪಾಯಿ.

ನಾವು ಕೇಳಿದ ಧಾಟಿ ಸರಿಯಿರಲಿಲ್ಲವೆಂಬುದನ್ನು ಈಗ ಒಪ್ಪಿಕೊಳ್ಳುತ್ತೇವೆ. ಅವನು ವಾದಿಸಲಿಲ್ಲ. "ಅಯ್ಯಾ, ಮುಂದಿನ ವಾರ ನೀವೇ ಒಂದ್ಸಲ ಜೊತೇಲಿ ಬನ್ನಿ. ಬಂಕಿನಲ್ಲೂ ನೀವೇ ನಿಂತು ಹಾಕ್ಸಿ," ಎಂದಷ್ಟೇ ಹೇಳಿದ.

ಹೋದೆವು. ಕಾರಿನ ಮುಂದಿನ ಫಲಕದಲ್ಲಿ ಲೀಟರಿಗೆ ಎಷ್ಟು ಕಿ.ಮೀ. ಓಡಿತೆಂದು ತೋರಿಸುವ ಅಂಕಿಯಿದೆ. ಹೊರಡುವಾಗ ಅದನ್ನು ಸೊನ್ನೆಗೆ ತಂದೆವು. ಇಳಿದು ಆಸ್ಪತ್ರೆ ಸೇರಿದಾಗ 20 ತೋರಿಸಿತು. ಮತ್ತೆ ಸೊನ್ನೆಗೆ ತಂದು ಘಟ್ಟ ಹತ್ತಿ ಊರಿಗೆ ಬಂದಾಗ 12 ತೋರಿಸಿತು. ಇಪ್ಪತ್ತು ಮತ್ತು ಹನ್ನೆರಡರ ಸರಾಸರಿ 16. ಹಾಗಾದರೆ 120 ಕಿ.ಮೀ.ಗೆ ಏಳೂವರೆ ಲೀಟರ್ ಹಿಡಿಯಬೇಕು. ಎರಡೂವರೆಯಲ್ಲಿ ಎರಡು ಲೀಟರಿನ ಲೆಕ್ಕ ಸಿಕ್ಕಿತು. ಆದರೆ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದಾಗ ಹಿಡಿದದ್ದು 8 ಲೀಟರೇ!

ಇಡೀ ದಿನ ಕಾರಿನ ಪಕ್ಕದಿಂದ ನಾವು ಕದಲಿರಲಿಲ್ಲ. ಆದರೂ ಅರ್ಧ ಲೀಟರ್ ನಮ್ಮ ಕಣ್ಣೆದುರಿನಲ್ಲಿಯೇ ಮಾಯವಾಗಿತ್ತು. ತಪ್ಪು ಡ್ರೈವರನದಲ್ಲ, ನಮ್ಮ ಲೆಕ್ಕದ್ದೇ ಇರಬೇಕೆಂದು ಆಗ ಹೊಳೆಯಿತು.

2. ಸರಾಸರಿ ತೆಗೆಯುವಲ್ಲಿ ಆಗುವ ತಪ್ಪು

ಹೋಗುವಾಗ 60 ಕಿ.ಮೀ.ಯನ್ನು 20ರಿಂದ ಭಾಗಿಸಿದರೆ 3 ಲೀಟರ್. ಬರುವಾಗ 60ನ್ನು 12ರಿಂದ ಭಾಗಿಸಿದರೆ 5 ಲೀಟರ್. ಒಟ್ಟು 8 ಲೀಟರ್. 120ನ್ನು 8ರಿಂದ ಭಾಗಿಸಿದರೆ ನಿಜವಾದ ಸರಾಸರಿ 15, ಹದಿನಾರಲ್ಲ.

ಇದರಲ್ಲಿ ಯಾವ ಮಾಯವೂ ಇಲ್ಲ. ಹತ್ತು ಕ್ವಿಂಟಾಲ್ ರಾಶಿಯನ್ನೂ ಒಂದು ಕ್ವಿಂಟಾಲ್ ಗೊರಬಲನ್ನೂ ಮಾರಿದ ಬೆಳೆಗಾರ ಎರಡು ಧಾರಣೆಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದಿಲ್ಲ. ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸುತ್ತಾನೆ. ಇಲ್ಲಿಯೂ ಅದೇ ಕ್ರಮ. ದೂರ ಎರಡು ಕಡೆಗೂ ಸಮನಾಗಿದ್ದರೂ ಖರ್ಚಾದ ಪೆಟ್ರೋಲ್ ಸಮನಲ್ಲ. ಹೆಚ್ಚು ಪೆಟ್ರೋಲ್ ಕುಡಿದ ಏರುದಾರಿಗೆ ಲೆಕ್ಕದಲ್ಲಿಯೂ ಹೆಚ್ಚಿನ ತೂಕ ಸಲ್ಲಬೇಕು.

ಗೊಬ್ಬರದ ಲೆಕ್ಕವನ್ನು ನಾವು ಎಕರೆಗೆ ಎಷ್ಟು ಮೂಟೆ ಎಂದು ಇಡುತ್ತೇವೆ. ಮೂಟೆಗೆ ಎಷ್ಟು ಎಕರೆ ಎಂದಲ್ಲ. ಯುರೋಪಿನ ದೇಶಗಳಲ್ಲಿ ಕಾರಿಗೂ ಹೀಗೆಯೇ 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ಹೇಳುವ ರೂಢಿಯಿದೆ. ಆ ಪ್ರಕಾರ ನಮ್ಮ ಕಾರು ಇಳಿಯುವಾಗ 5 ಲೀಟರ್, ಹತ್ತುವಾಗ 8.3 ಲೀಟರ್ ಕುಡಿಯಿತು. ದೂರ ಸಮನಾಗಿರುವುದರಿಂದ ಇವನ್ನು ಕೂಡಿಸಿ ಎರಡರಿಂದ ಭಾಗಿಸಬಹುದು: ಸುಮಾರು 6.7. ಖರ್ಚಿನ ಅಂದಾಜಿಗೆ ಈ ಕ್ರಮವೇ ಹೆಚ್ಚು ಅನುಕೂಲ.

3. ಅಚ್ಚಾದ ಅಂಕಿ ಎಲ್ಲಿಂದ ಬರುತ್ತದೆ?

ಅರ್ಧ ಲೀಟರಿನ ಒಗಟು ಬಿಡಿಸಿದಂತಾಯಿತು. ಆದರೆ 22 ಎಂದು ಅಚ್ಚಾದದ್ದು 15 ಆದದ್ದೇಕೆ? ಕಂಪನಿಯವರು ಸುಳ್ಳು ಹೇಳಿದರೆ? ಹಾಗೆನ್ನಲಾಗದು.

ಕಾರುಗಳ ಜಾಹೀರಾತಿನಲ್ಲಿ ಕಂಡುಬಂದಿರುವ ಈ ಅಂಕಿ ಪ್ರಯೋಗಶಾಲೆಯದು. ಇಂತಹ ಪರೀಕ್ಷೆ ನಡೆಸುವ ಸಂಸ್ಥೆಗಳಲ್ಲಿ ಪ್ರಸಿದ್ಧವಾದುದು 1966ರಲ್ಲಿ ಸ್ಥಾಪಿತವಾದ ಪುಣೆಯ ಎ.ಆರ್.ಎ.ಐ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಚಕ್ರಗಳು ಮಾತ್ರ ತಿರುಗುವಂತೆ, ಮೊದಲೇ ಗೊತ್ತುಪಡಿಸಿದ ವೇಗಗಳಲ್ಲಿ ಓಡಿಸುತ್ತಾರೆ. ಇದಕ್ಕೆ ಬಳಸಿದ ಭಾರತೀಯ ಕ್ರಮದಲ್ಲಿ ಒಟ್ಟು ಓಟ 1,180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೂ ಕಡಿಮೆ. ದೂರ ಹತ್ತೂವರೆ ಕಿ.ಮೀ.ಗೆ ತುಸು ಮೇಲೆ. ಅತಿ ಹೆಚ್ಚಿನ ವೇಗ ಗಂಟೆಗೆ 90 ಕಿ.ಮೀ. ಏ.ಸಿ. ಬಂದ್. ಏರಿಲ್ಲ, ಇಳಿತವಿಲ್ಲ, ಮಳೆಯಿಲ್ಲ, ಹೊಂಡವಿಲ್ಲ, ಅಡ್ಡಬರುವ ದನವಿಲ್ಲ.

ಈ ಪರೀಕ್ಷೆ ನಿರರ್ಥಕವೆಂದು ಭಾವಿಸಬಾರದು. ಎರಡು ಕಾರುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಅದು ಬೇಕು. ಆದರೆ ಅದು ನಮ್ಮ ದಾರಿಯ ಅಂಕಿಯಲ್ಲ. ಐವತ್ತು ಕೆ.ಜಿ. ಚೆರಿಗೆ ಎಷ್ಟು ಕೆ.ಜಿ. ಬೀಜ ಇಳಿಯುತ್ತದೆಂಬ ಔಟ್‌ಟರ್ನ್ ಲೆಕ್ಕವನ್ನು ನಾವು ಪಕ್ಕದ ತೋಟದವರ ಮಾತಿನ ಮೇಲೆ ಒಪ್ಪುವುದಿಲ್ಲ. ನಮ್ಮ ಕಣದಲ್ಲಿ ಒಣಗಿದ ಚೆರಿಯನ್ನೇ ಪರೀಕ್ಷಿಸುತ್ತೇವೆ. ಕಾರಿನ ವಿಷಯದಲ್ಲಿಯೂ ಅದೇ ವಿವೇಕ ಬೇಕು.

ಈ ಅಂತರ ನಮ್ಮ ದೇಶದ್ದು ಮಾತ್ರವಲ್ಲ. ಯುರೋಪಿನಲ್ಲಿ ಸ್ವಚ್ಛ ಸಾರಿಗೆ ಕುರಿತ ಅಂತಾರಾಷ್ಟ್ರೀಯ ಮಂಡಳಿಯವರು ಲಕ್ಷಾಂತರ ಕಾರುಗಳ ದಾಖಲೆ ನೋಡಿದಾಗ, 2001ರಲ್ಲಿ ಅಚ್ಚಾದ ಅಂಕಿಗಿಂತ ನಿಜವಾದ ಖರ್ಚು ಸರಾಸರಿ ಶೇಕಡಾ 9ರಷ್ಟು ಹೆಚ್ಚಿದ್ದುದು 2015ರ ಹೊತ್ತಿಗೆ ಶೇಕಡಾ 42ಕ್ಕೆ ಏರಿತ್ತು. ಅಲ್ಲಿ 2017ರಿಂದ ಹೊಸ ಪರೀಕ್ಷಾಕ್ರಮವನ್ನು ಜಾರಿಗೆ ತಂದರು. ಅಮೆರಿಕದಲ್ಲಿ 2008ರ ಮಾದರಿಗಳಿಂದ ಹೆಚ್ಚಿನ ವೇಗ, ಏ.ಸಿ., ಚಳಿ ಇವುಗಳನ್ನೂ ಲೆಕ್ಕಕ್ಕೆ ಸೇರಿಸಿ ಅಂಕಿಗಳನ್ನು ತಗ್ಗಿಸಿದರು.

4. ನಮ್ಮ ದಾರಿಯಲ್ಲಿ ಪೆಟ್ರೋಲ್ ಎಲ್ಲಿ ಹೋಗುತ್ತದೆ?

ಕೆಳಗಿನವು ಸ್ಥೂಲ ಅಂದಾಜುಗಳು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಾಖಶಕ್ತಿ ಇರುತ್ತದೆ. ಅದರ ಕಾಲುಭಾಗ, ಅಂದರೆ 8 ಮೆಗಾಜೌಲ್, ಕೆಲಸಕ್ಕೆ ಒದಗುತ್ತದೆಂದು ಹಿಡಿಯೋಣ. ಮಿಕ್ಕದ್ದು ರೇಡಿಯೇಟರಿನಲ್ಲಿಯೂ ಹೊಗೆಕೊಳವೆಯಲ್ಲಿಯೂ ಹೊರಟುಹೋಗುತ್ತದೆ.

(ಅ) ಏರು: ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಜನರೂ ಸೇರಿ 1,200 ಕೆ.ಜಿ. ತೂಗುವ ಕಾರನ್ನು 600 ಮೀಟರ್ ಎತ್ತಲು ಸುಮಾರು 7 ಮೆಗಾಜೌಲ್ ಬೇಕು. ಅಂದರೆ ಎತ್ತುವುದಕ್ಕೇ ಸುಮಾರು 0.9 ಲೀಟರ್ ಖರ್ಚು. ಇಳಿಯುವಾಗ ಇದು ಮರಳಿ ಬರುವುದಿಲ್ಲವೆ ಎಂದು ಕೇಳಬಹುದು. ಒಂದು ಪಾಲು ಮಾತ್ರ ಬರುತ್ತದೆ. ನಿಧಾನವಾಗಿ ಓಡುವ ಕಾರಿಗೆ ನೂರು ಅಡಿಗೆ ಎರಡು ಅಡಿ ಇಳಿತವಿದ್ದರೆ ಸಾಕು, ಎಂಜಿನ್ನಿನ ಸಹಾಯವಿಲ್ಲದೆ ಸಾಗುತ್ತದೆ. ಘಾಟಿಯ ಇಳಿತ ಅದಕ್ಕಿಂತ ಬಹಳ ಕಡಿದು. ಹೆಚ್ಚಿನ ಶಕ್ತಿಯೆಲ್ಲ ಬ್ರೇಕುಗಳನ್ನು ಕಾಯಿಸುವುದರಲ್ಲಿ ಮುಗಿಯುತ್ತದೆ.

(ಆ) ಬ್ರೇಕು: 60 ಕಿ.ಮೀ. ವೇಗದ ಇಂತಹ ಕಾರನ್ನು ನಿಲ್ಲಿಸಿ, ಮತ್ತೆ ಅದೇ ವೇಗಕ್ಕೆ ತರಲು ಸುಮಾರು 20 ಮಿಲಿಲೀಟರ್ ಪೆಟ್ರೋಲ್ ಬೇಕು. ಒಂದು ಸಲಕ್ಕೆ ಇದು ಏನೂ ಅಲ್ಲ. ಇಪ್ಪತ್ತೈದು ಸಲ ಹಾಗೆ ಮಾಡಿದರೆ ಅರ್ಧ ಲೀಟರ್. ಚುರುಕು ಕಾರಿನ ದೋಷ ಇರುವುದು ಇಲ್ಲಿಯೇ. ಅದು ಬೇಗ ವೇಗ ಪಡೆಯುವುದರಿಂದ ಎರಡು ತಿರುವುಗಳ ನಡುವೆ ಒತ್ತುವ ಆಸೆ ಹುಟ್ಟುತ್ತದೆ. ಮುಂದಿನ ತಿರುವಿನಲ್ಲಿ ಅದನ್ನೆಲ್ಲ ಬ್ರೇಕಿಗೆ ಕೊಡಬೇಕಾಗುತ್ತದೆ. ತಪ್ಪು ಕಾರಿನದಲ್ಲ, ಕಾಲಿನದು.

(ಇ) ಗಾಳಿ: ಇಂತಹ ಕಾರಿಗೆ ಸಮತಟ್ಟು ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಸಾಗಲು ಚಕ್ರಗಳಲ್ಲಿ ಬೇಕಾದುದು ಮೂರು ಎಚ್.ಪಿ. ಮಾತ್ರ, ನಮ್ಮ ಕೆರೆಯ ಪಂಪ್‌ಸೆಟ್ಟಿನಷ್ಟು. 80 ಕಿ.ಮೀ.ಗೆ ಹತ್ತು, 100ಕ್ಕೆ ಹದಿನಾರು, 120ಕ್ಕೆ ಇಪ್ಪತ್ತಾರು ಎಚ್.ಪಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಹೆದ್ದಾರಿಯಲ್ಲಿ 100ರ ಬದಲು 80ರಲ್ಲಿ ಹೋಗುವುದೇ ಅತಿ ದೊಡ್ಡ ಉಳಿತಾಯ. ಮೇಲ್ಛಾವಣಿಗೆ ಕ್ಯಾರಿಯರ್ ಕಟ್ಟಿದರೆ ಖಾಲಿ ಇದ್ದಾಗಲೂ ಗಾಳಿ ಹಿಡಿಯುತ್ತದೆ.

(ಈ) ಏ.ಸಿ.: ಮೇಲಿನ ಲೆಕ್ಕದಿಂದಲೇ ಇದೂ ತಿಳಿಯುತ್ತದೆ. ಓಡಲು ಮೂರು ಎಚ್.ಪಿ. ಸಾಕಾಗುವಲ್ಲಿ ಏ.ಸಿ. ಒಂದು ಎಚ್.ಪಿ.ಯನ್ನು ತಾನು ಎಳೆದುಕೊಂಡರೆ ಅದು ಸಣ್ಣ ಪಾಲಲ್ಲ. ಕರಾವಳಿಯ ಸೆಕೆಯಲ್ಲಿ ಒಂದೂವರೆ ಗಂಟೆ ಹಾಕಿಕೊಂಡರೆ ಸುಮಾರು ಅರ್ಧ ಲೀಟರ್ ಹಿಡಿಯಬಹುದು. ಕಾಯಿಲೆಯವರು ಕಾರಿನಲ್ಲಿದ್ದಾಗ ಅದನ್ನು ಬಂದ್ ಮಾಡಿ ಉಳಿಸಬೇಕೆಂದು ನಾವು ಹೇಳುವುದಿಲ್ಲ. ಅದು ಅಗತ್ಯದ ಖರ್ಚು. ಲೆಕ್ಕದಲ್ಲಿ ಸೇರಿಸಿಕೊಂಡರೆ ಸಾಕು.

(ಉ) ಪೆಟ್ರೋಲಿನ ಗುಣ: ಈಗ ಬಂಕುಗಳಲ್ಲಿ ಬರುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟು. ನೀತಿ ಆಯೋಗದ 2021ರ ವರದಿಯ ಪ್ರಕಾರ, ಬರೀ ಪೆಟ್ರೋಲಿಗೆ ರೂಪಿಸಿ ಶೇಕಡಾ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇಕಡಾ 6ರಿಂದ 7ರಷ್ಟು ಇಳಿಯಬಹುದು. ಶೇಕಡಾ 20ಕ್ಕೆ ಹೊಂದಿಸಿದ ಕಾರುಗಳಲ್ಲಿ ಇಳಿಕೆ ಶೇಕಡಾ 1ರಿಂದ 2. ನಮ್ಮದು ಮೊದಲಿನ ಜಾತಿಯದು. ಐದೂವರೆ ಲೀಟರಿಗೆ ಸುಮಾರು 0.4 ಲೀಟರ್ ಇದರಿಂದಲೇ ಹೆಚ್ಚಾಗುತ್ತದೆ.

(ಊ) ಚಿಲ್ಲರೆ ಬಾಬುಗಳು: ಮುಂಜಾನೆ ತಣ್ಣಗಿರುವ ಎಂಜಿನ್ ಹೆಚ್ಚು ಪೆಟ್ರೋಲ್ ಕೇಳುತ್ತದೆ. ಪೇಟೆಗೆ ಐದಾರು ಕಿ.ಮೀ. ಹೋಗಿ ಬರುವ ಓಟದಲ್ಲಿ ಅದು ಪೂರ್ತಿ ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ. ನಿಂತಲ್ಲಿ ಎಂಜಿನ್ ಓಡುತ್ತಿದ್ದರೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಖರ್ಚು. ನಾಲ್ಕೂ ಟೈರುಗಳಲ್ಲಿ ಗಾಳಿ ಹತ್ತು ಪೌಂಡ್ ಕಡಿಮೆಯಿದ್ದರೆ ಶೇಕಡಾ 2ರಷ್ಟು ನಷ್ಟ, ಟೈರೂ ಬೇಗ ಸವೆಯುತ್ತದೆ. ಚೆಂದಕ್ಕೆಂದು ಅಗಲವಾದ ಟೈರು ಹಾಕಿಸಿದರೂ ಉರುಳುವ ತಡೆ ಹೆಚ್ಚುವುದುಂಟು.

ಈಗ ಕೂಡಿಸಿ ನೋಡೋಣ. ಏರಿನಲ್ಲಿ ಹೋಗಿ ಮರಳದೆ ಉಳಿದದ್ದು 0.6, ಬ್ರೇಕಿಗೆ 0.5, ಏ.ಸಿ.ಗೆ 0.5, ಎಥನಾಲಿನಿಂದ 0.4, ಚಿಲ್ಲರೆ ಬಾಬುಗಳಿಗೆ ಅರ್ಧ ಲೀಟರ್. ಒಟ್ಟು ಎರಡೂವರೆ ಲೀಟರ್. ಯಾವ ಕ್ಯಾನಿಗೂ ಹೋಗಿರಲಿಲ್ಲ. ಎಲ್ಲವೂ ದಾರಿಯಲ್ಲಿಯೇ ಹೋಗಿತ್ತು.

ಟರ್ಬೊ ಇರುವ ಒಂದು ಲೀಟರಿನ ಎಂಜಿನ್ ಕೊಳ್ಳುವವರು ಇನ್ನೊಂದು ಮಾತನ್ನು ಗಮನಿಸಬೇಕು. ಪರೀಕ್ಷೆಯ ಹಗುರ ಓಟದಲ್ಲಿ ಟರ್ಬೊ ಹೆಚ್ಚು ಕೆಲಸ ಮಾಡಬೇಕಾಗುವುದಿಲ್ಲ, ಅಂಕಿ ಚೆನ್ನಾಗಿ ಬರುತ್ತದೆ. ನಾಲ್ಕು ಜನರೊಡನೆ ಘಾಟಿ ಹತ್ತುವಾಗ ಅದು ಪೂರ್ತಿ ದುಡಿಯುತ್ತದೆ, ಪೆಟ್ರೋಲನ್ನೂ ಅದಕ್ಕೆ ತಕ್ಕಂತೆ ಕೇಳುತ್ತದೆ.

5. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ

ನಮ್ಮ ಹಿರಿಯ ಚಾಲಕರಲ್ಲಿ ಕೆಲವರಿಗೆ ಘಟ್ಟ ಇಳಿಯುವಾಗ ನ್ಯೂಟ್ರಲ್‌ಗೆ ಹಾಕುವ, ಇಲ್ಲವೆ ಎಂಜಿನ್ನನ್ನೇ ಬಂದ್ ಮಾಡುವ ಅಭ್ಯಾಸವಿದೆ. ಕಾರ್ಬುರೇಟರ್ ಇದ್ದ ಕಾಲದಲ್ಲಿ ಇದರಿಂದ ನಾಲ್ಕು ಕಾಸು ಉಳಿಯುತ್ತಿದ್ದಿರಬಹುದು. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ವ್ಯವಸ್ಥೆ ಬೇರೆ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ ಪೆಟ್ರೋಲ್ ಪೂರೈಕೆಯೇ ನಿಲ್ಲುತ್ತದೆ. ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ತಾನೇ ಓಡುತ್ತಿರಬೇಕಾದುದರಿಂದ ಪೆಟ್ರೋಲ್ ಖರ್ಚಾಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಗೇರಿನಲ್ಲಿರುವುದೇ ಉಳಿತಾಯ, ಅದೇ ಕ್ಷೇಮ.

ಎಂಜಿನ್ ಬಂದ್ ಮಾಡುವುದಂತೂ ಪ್ರಾಣಾಪಾಯ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕಿಗೆ ದೊರೆಯುವ ಸಹಾಯ ನಿಂತು ಪೆಡಲ್ ಕಲ್ಲಾಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ, ಕೀ ತೆಗೆದರೆ ಸ್ಟಿಯರಿಂಗ್ ಬೀಗ ಬೀಳಲೂಬಹುದು. ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಒಂದರಲ್ಲಿ ಹಾಗಾದರೆ ಉಳಿಸಿದ ಪೆಟ್ರೋಲಿನ ಲೆಕ್ಕ ಕೇಳಲು ಯಾರೂ ಇರುವುದಿಲ್ಲ. ಯಾವ ಗೇರಿನಲ್ಲಿ ಹತ್ತುವಿರೋ ಆ ಗೇರಿನಲ್ಲಿಯೇ ಇಳಿಯಿರಿ ಎಂಬ ಹಳೆಯ ಮಾತು ಇಂದಿಗೂ ಸಲ್ಲುತ್ತದೆ.

ಹತ್ತುವಾಗ ಕೆಳಗಿನ ಗೇರಿನಲ್ಲಿ ಎಂಜಿನ್ ಕಿರುಚುವಂತೆ ಓಡಿಸಬೇಡಿ. ಮೇಲಿನ ಗೇರಿನಲ್ಲಿ ನಡುಗುವಂತೆಯೂ ಮಾಡಬೇಡಿ. ನಡುಗದೆ ಎಳೆಯುವಷ್ಟು ಮೇಲಿನ ಗೇರು ಯಾವುದೋ ಅದೇ ಸರಿಯಾದುದು.

6. ಅಳೆಯುವ ಕ್ರಮ

ಪ್ರತಿಯೊಬ್ಬ ಸದಸ್ಯರೂ ತಮ್ಮ ಕಾರಿನ ಅಂಕಿಯನ್ನು ತಾವೇ ಕಂಡುಕೊಳ್ಳಬಹುದು. ಅದಕ್ಕೆ ಒಂದು ನೋಟ್ ಪುಸ್ತಕ ಸಾಕು.

ಒಂದು: ಒಂದೇ ಬಂಕಿನಲ್ಲಿ, ಸಮತಟ್ಟು ಜಾಗದಲ್ಲಿ, ನಳಿಕೆ ಮೊದಲ ಸಲ ತಾನಾಗಿ ನಿಲ್ಲುವವರೆಗೆ ತುಂಬಿಸಿರಿ. ಆಮೇಲೆ ಕತ್ತಿನವರೆಗೆ ಸುರಿಸಬೇಡಿ.

ಎರಡು: ಆಗ ಮೀಟರಿನಲ್ಲಿರುವ ಕಿ.ಮೀ. ಬರೆದಿಡಿರಿ. ಮುಂದಿನ ಸಲ ಅದೇ ರೀತಿ ತುಂಬಿಸಿ, ಹಿಡಿದ ಲೀಟರನ್ನೂ ಮೀಟರನ್ನೂ ಬರೆಯಿರಿ.

ಮೂರು: ಒಂದು ಸಲದ ಅಂಕಿಯನ್ನು ನಂಬಬೇಡಿ. ನಳಿಕೆ ತುಸು ಮುಂಚೆ ಅಥವಾ ತಡವಾಗಿ ನಿಂತರೂ ಲೆಕ್ಕ ಏರುಪೇರಾಗುತ್ತದೆ. ಕಡಿಮೆಯೆಂದರೆ ನಾಲ್ಕೈದು ಸಲ, ಸುಮಾರು 1,000 ಕಿ.ಮೀ. ಆಗಲಿ.

ನಾಲ್ಕು: ಒಟ್ಟು ಕಿ.ಮೀ.ಯನ್ನು ಒಟ್ಟು ಲೀಟರಿನಿಂದ ಭಾಗಿಸಿರಿ. ಸರಾಸರಿಗಳ ಸರಾಸರಿ ತೆಗೆಯಬೇಡಿ.

ಐದು: ಬದಿಯಲ್ಲಿ ದಾರಿ, ಜನ, ಹೇರು, ಏ.ಸಿ. ಇವುಗಳನ್ನು ಒಂದು ಮಾತಿನಲ್ಲಿ ಬರೆದಿಡಿರಿ. ಅಂಕಿ ಒಂದು ದಿನ ಬಿದ್ದರೆ ಕಾರಣ ಅಲ್ಲಿಯೇ ದೊರೆಯುತ್ತದೆ. ಅದೇ ದಾರಿಯಲ್ಲಿ, ಅದೇ ಹೇರಿನಲ್ಲಿ ಅಂಕಿ ಸತತವಾಗಿ ಇಳಿಯುತ್ತಿದ್ದರೆ ಟೈರಿನ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡಿರುವ ಬ್ರೇಕ್ ಇವುಗಳನ್ನು ಮೆಕ್ಯಾನಿಕ್‌ಗೆ ತೋರಿಸಿರಿ. ಮನುಷ್ಯರ ಮೇಲೆ ಅನುಮಾನ ಪಡುವುದು ಇವೆಲ್ಲ ಆದ ಮೇಲಿನ ಮಾತು.

ಅಭ್ಯಾಸಕ್ಕೊಂದು ಲೆಕ್ಕ: ಒಂದು ಕಾರು ಘಟ್ಟ ಹತ್ತುವ 30 ಕಿ.ಮೀ.ಯಲ್ಲಿ ಲೀಟರಿಗೆ 10ರಂತೆ, ಇಳಿಯುವ 30 ಕಿ.ಮೀ.ಯಲ್ಲಿ ಲೀಟರಿಗೆ 30ರಂತೆ ಓಡಿತು. ಸರಾಸರಿ ಎಷ್ಟು? ಇಪ್ಪತ್ತು ಎಂದವರು ಎರಡನೆಯ ಭಾಗವನ್ನು ಮತ್ತೊಮ್ಮೆ ಓದಬೇಕು. ಉತ್ತರ 15.

7. ಕೊನೆಯ ಮಾತು

ಲೆಕ್ಕ ಮುಗಿದ ಸಂಜೆ ನಾವು ಡ್ರೈವರನನ್ನು ಕರೆದು, "ತಪ್ಪು ನಮ್ಮದಪ್ಪ, ಮನಸ್ಸಿಗೆ ಹಚ್ಚಿಕೊಳ್ಳಬೇಡ," ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪುಸ್ತಕ ಬರೆದಿಟ್ಟಿದ್ದಕ್ಕೆ ಬಚಾವಾದೆ ಅಯ್ಯಾ," ಎಂದ. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಪುಸ್ತಕ ಬರೆಯದ ಡ್ರೈವರುಗಳು ಎಷ್ಟು ಮಂದಿಯಿಲ್ಲ! ಅಚ್ಚಾದ ಒಂದು ಅಂಕಿಯನ್ನು ನಂಬಿ ಅಂತಹವರ ಸಂಬಳದಲ್ಲಿ ಹಿಡಿದವರು, ಕೆಲಸ ಬಿಡಿಸಿದವರು ನಮ್ಮಲ್ಲಿಯೂ ಇರಬಹುದು.

ಆದ್ದರಿಂದ ಕಾರು ಕೊಳ್ಳುವವರು ಅಚ್ಚಾದ ಅಂಕಿಯನ್ನು ಒಂದು ಕಾರನ್ನು ಮತ್ತೊಂದರೊಡನೆ ಹೋಲಿಸಲು ಬಳಸಲಿ; ತಿಂಗಳ ಖರ್ಚಿಗೆ ತಮ್ಮ ದಾರಿಯ ಅಂಕಿಯನ್ನೇ ಹಿಡಿಯಲಿ. ಡ್ರೈವರ್ ಇರುವವರು ಮೊದಲ ತಿಂಗಳು ತಾವೇ ಜೊತೆಯಲ್ಲಿ ಕೂತು, ಇಬ್ಬರೂ ಒಪ್ಪುವ ಅಂಕಿಯೊಂದನ್ನು ಪುಸ್ತಕದಲ್ಲಿ ಬರೆದುಕೊಳ್ಳಲಿ. ಹಾಗೆ ಮಾಡಿದರೆ ಯಜಮಾನನಿಗೂ ನಿಶ್ಚಿಂತೆ, ನಡೆಸುವವನಿಗೂ ಮರ್ಯಾದೆ.